ಬಿಳಿ ಕೊಡೆಯ ಜಪಾನಿ ಹಾಡು

ಒಂದು ಹಳೆಯ ಮದುವೆ ವಿಡಿಯೋ ಕ್ಯಾಸೆಟ್ಟನ್ನು ಪೆನ್‌ಡ್ರೈವ್‌ಗೆ ಹಾಕಿಕೊಡಲು ಮುನ್ನೂರೈವತ್ತು ರೂಪಾಯಿ. ಪೆನ್‌ಡ್ರೈವ್ ಅಂಗಡಿಯದೇ ಆದರೆ ಏಳುನೂರು. ಬೂಷ್ಟು ಹಿಡಿದಿದ್ದರೆ ತೊಳೆಯುವ ಕೂಲಿ ಬೇರೆ. ರಾಮನಗರದ ತನ್ನ ಪುಟ್ಟ ಅಂಗಡಿಯ ಗೋಡೆಗೆ ಇಷ್ಟನ್ನೂ ಬರೆದು ಅಂಟಿಸಿದ್ದಳು ಲತಾಮಣಿ. ಗಿರಾಕಿ ಹತ್ತಿರ ಮಾತು ಬೆಳೆಸುವ ತಾಪತ್ರಯ ಇರಲಿಲ್ಲ.

ಆದರೆ ಆ ಬೆಳಿಗ್ಗೆ ಒಬ್ಬ ಗಿರಾಕಿ ತಂದು ಟೇಬಲ್ ಮೇಲಿಟ್ಟ ಕ್ಯಾಸೆಟ್ಟಿಗೆ ಯಾವ ರೇಟು ಹೇಳಬೇಕೋ ಅವಳಿಗೆ ತಿಳಿಯಲಿಲ್ಲ.

ಒಳಗಿನ ರೀಲಿನ ಮೇಲೆಲ್ಲ ಬಿಳಿ ಬೂಷ್ಟು. ಮೇಲಿನ ಚೀಟಿಯಲ್ಲಿ ಚಿತ್ರದಂಥ ಅಕ್ಷರಗಳು.

"ಇದ್ಯಾವ ಭಾಷೆ?"

"ಜಪಾನಿ, ಮೇಡಂ."

"ಜಪಾನಲ್ಲಿ ಯಾರ ಮದ್ವೆ?"

"ಮದ್ವೆ ಅಲ್ಲ. ಹಾಡು... ಕಾರ್ಟೂನ್ ಹಾಡು."

ಪಕ್ಕದ ಮೊಬೈಲ್ ರಿಪೇರಿ ಅಂಗಡಿಯ ಸಾಬೀರ್ ಸುಮ್ಮನಿರುವ ಜಾಯಮಾನದವನಲ್ಲ. "ಏನಣ್ಣಾ, ಇಷ್ಟೆತ್ತರ ಬೆಳ್ದು ಕಾರ್ಟೂನಾ? ಯೂಟ್ಯೂಬಲ್ಲಿ ಬೇಕಾದಷ್ಟವೆ, ಬಿಟ್ಟಿ!"

"ಹುಡುಕ್ಕೊಡಪ್ಪ. ನಿನ್ನ ಕಾಲಿಗೆ ಬೇಕಾದ್ರೂ ಬೀಳ್ತೀನಿ."

ಆ ದನಿ ಕೇಳಿ ಸಾಬೀರನ ನಗು ಅಲ್ಲೇ ನಿಂತಿತು.

ಲತಾಮಣಿ ತಲೆಯೆತ್ತಿ ನೋಡಿದಳು. ಮೂವತ್ತು ದಾಟಿದ ಗಂಡಸು. ಶರ್ಟಿನ ತೋಳಿಗೆ ಒಂದು ಎಳೆ ರೇಷ್ಮೆ ಅಂಟಿಕೊಂಡಿತ್ತು. ರೇಷ್ಮೆಗೂಡಿನ ಮಾರ್ಕೆಟ್ಟಿನಿಂದ ನೇರ ಬಂದವನು. ಕಣ್ಣುಗಳು ತುಂಬಿಕೊಂಡಿದ್ದವು...

'ಗಂಡಸು ಕ್ಯಾಸೆಟ್ಟಿಗಾಗಿ ಅಳ್ತಾನಾ?'

"ಎಷ್ಟಾದ್ರೂ ಕೊಡ್ತೀನಿ ಮೇಡಂ. ಇದು ಒಂದ್ಸಲ ಓಡ್ಬೇಕು. ಒಂದೇ ಸಲ! ನಮ್ಮವ್ವ ನನ್ನ ಮರ್ತುಬುಟ್ಟವ್ಳೆ."

ಅವನ ಹೆಸರು ಯೋಗಾನಂದ. ಹತ್ತಿರದ ಹಳ್ಳಿ ಕೂಟಗಲ್‌ನಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ. ಮನೆಯಲ್ಲಿ ಅವನು, ಅವನ ತಾಯಿ ವರಲಕ್ಷ್ಮಮ್ಮ. ಇಬ್ಬರೇ.

"ಮರೆವಿನ ಕಾಯ್ಲೆ. ವಾಸಿ ಆಗಲ್ಲ ಅಂದ್ಬುಟ್ರು ಡಾಕ್ಟ್ರು. ನನ್ನ 'ಸಾರ್' ಅಂತಾಳೆ. ತುತ್ತು ಮಾಡಿ ತಿನ್ನಿಸಕ್ಕೋದ್ರೆ 'ನಿಮಗ್ಯಾಕೆ ಸಾರ್ ತೊಂದ್ರೆ' ಅಂತಾಳೆ... ಆದ್ರೆ ಈ ಹಾಡು ಮಾತ್ರ ಮರ್ತಿಲ್ಲ. ದಿನಾ ಗುನುಗ್ತಾಳೆ. ಇದ ತೋರ್ಸಿದ್ರೆ ಒಂದ್ಸಲ ನನ್ನ ಹೆಸರಿಡಿದು ಕರೀಬೋದೇನೋ ಅಂತ ಆಸೆ."

ಲತಾಮಣಿ ಕ್ಯಾಸೆಟ್ಟನ್ನು ಹತ್ತಿರಕ್ಕೆ ಎಳೆದುಕೊಂಡಳು. "ಇದು ಉದುರ್ತಾ ಐತೆ. ತೊಳೆದು ಹಾಕಿದ್ರೆ ಒಂದ್ಸಲ ಓಡಬೋದು. ಆಮೇಲೆ ಕ್ಯಾಸೆಟ್ ಉಳಿಯಲ್ಲ. ಆಗ್ಬೋದಾ?"

ಅವನು ಆಗಲೆಂದು ತಲೆಯಾಡಿಸಿದ.

"ಹಂಗಾದ್ರೆ ಆಮೇಲೆ ಬನ್ನಿ. ದುಡ್ಡಿನ ಮಾತು ಇದು ಓಡಿದ ಮೇಲೆ."

* * *

ಕ್ಯಾಸೆಟ್ ತೊಳೆಯುವುದು ಸೋಪು ನೀರಿನ ಕೆಲಸವಲ್ಲ. ಡಬ್ಬಿ ಬಿಚ್ಚಿ, ರೀಲನ್ನು ಕೈಯಲ್ಲೇ ತಿರುಗಿಸುತ್ತ, ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಗೇಣು ಗೇಣು ಒರೆಸಬೇಕು. ಒಬ್ಬರು ಸುತ್ತಬೇಕು, ಒಬ್ಬರು ಒರೆಸಬೇಕು. ಗೂಡು ಮಾರಲು ರಾಮನಗರಕ್ಕೆ ಬಂದಾಗಲೆಲ್ಲ ಯೋಗಾನಂದ ಸುತ್ತಲು ಕೂರುತ್ತಿದ್ದ. ಗೂಡಿನಿಂದ ನೂಲು ಬಿಚ್ಚುವುದನ್ನು ನೋಡಿ ಬೆಳೆದವನ ಕೈ. ಒಂದು ಸಲವೂ ಜಗ್ಗಲಿಲ್ಲ.

ಸುತ್ತುತ್ತಲೇ ಹಳೆಯದನ್ನೆಲ್ಲ ಹೇಳಿದ. ಅವನು ಚಿಕ್ಕವನಿದ್ದಾಗ ಅವರು ರಾಮನಗರದಲ್ಲೇ ಬಾಡಿಗೆಗಿದ್ದರು. ಮಹಡಿ ಮೇಲೆ, ಹೊಸ ತಳಿಯ ಹುಳು ಸಾಕುವುದನ್ನು ಕಲಿಸಲು ಬಂದ ಜಪಾನಿನ ಮೇಷ್ಟ್ರು. ಅವರ ಹೆಂಡತಿ ಹರುಕೊ. ಆಕೆಗೆ ಕನ್ನಡ ಬಾರದು, ವರಲಕ್ಷ್ಮಮ್ಮನಿಗೆ ಕನ್ನಡ ಬಿಟ್ಟು ಬೇರೆ ಬಾರದು. ಆದರೂ ಮಧ್ಯಾಹ್ನವಾದರೆ ಇಬ್ಬರೂ ಕೆಳಗೆ ಇವರ ಮನೆಯ ಟಿವಿ ಮುಂದೆ ಕೂತು, ಇವರದೇ ವಿಸಿಆರ್‌ಗೆ ಈ ಕ್ಯಾಸೆಟ್ ಹಾಕುವರು. ಊರಿಗೆ ಹೋಗುವಾಗ ಆಕೆ ಕ್ಯಾಸೆಟ್ಟನ್ನು ಇಲ್ಲೇ ಬಿಟ್ಟು ಹೋದಳು.

"ಆಯಮ್ಮ ಹಾಡು ಬಂದಾಗೆಲ್ಲ ಟಿವಿ ಗ್ಲಾಸು ಮುಟ್ಟಿ ಮುಟ್ಟಿ ಏನೋ ಹೇಳೋರು. ಪಾಪ, ಊರು ಗ್ಯಾಪ್ಕ ಬಂದೈತೆ ಅಂತ ನಮ್ಮವ್ವ ಕಾಫಿ ಮಾಡ್ಕೊಡೋಳು."

"ಹಾಡಲ್ಲಿ ಏನೈತೆ?"

"ರೈಲ್ವೆ ಸ್ಟೇಷನ್ನು. ಒಂದು ಹುಡುಗಿ ಕೊಡೆ ಹಿಡ್ಕಂಡು ಯಾರಿಗೋ ಕಾಯ್ತಾಳೆ. ಮಾತೇ ಇಲ್ಲ. ಬರೀ ಹಾಡು. ರೈಲು ಬರೋ ಹೊತ್ಗೆ ಮುಗ್ದೋಯ್ತದೆ! ನಾನು ಚಿಕ್ಕೋನು, ಕ್ಯಾಸೆಟ್ ಕತ್ತರಿಸವ್ರೆ ಅಂತ ಅಳ್ತಿದ್ದೆ."

ಲತಾಮಣಿ ಮೊಬೈಲಿನಲ್ಲಿ ಹುಡುಕಿ ಓದಿಕೊಂಡಿದ್ದಳು. ಜಪಾನಿನಲ್ಲಿ ಚಿತ್ರಗಳಲ್ಲೇ ಕಥೆ ಹೇಳುವ ಪುಸ್ತಕಗಳಿಗೆ ಮಾಂಗಾ ಅನ್ನುತ್ತಾರೆ. ಎಂಬತ್ತರ ದಶಕದಲ್ಲಿ ಆ ಪುಸ್ತಕಗಳ ಪ್ರಚಾರಕ್ಕೆಂದು, ಅದೇ ಚಿತ್ರಗಳಿಗೆ ಜೀವ ಕೊಟ್ಟು, ಹಾಡು ಕೂಡಿಸಿ ಇಂಥ ಕ್ಯಾಸೆಟ್ ಮಾಡುತ್ತಿದ್ದರಂತೆ.

"ಕತ್ತರಿಸಿಲ್ಲ ಕಣ್ರೀ. ಅದು ಪುಸ್ತಕ ಮಾರಕ್ಕೆ ಮಾಡಿದ್ದು. ರೈಲಲ್ಲಿ ಯಾರು ಬಂದ್ರು ಅಂತ ಬೇಕಾದ್ರೆ ಪುಸ್ತಕ ತಗೋಬೇಕು."

"ಅಯ್ಯೋ ಅವರ ವ್ಯಾಪಾರಬುದ್ಧಿಗೆ! ನಾನು ಅಷ್ಟೊಂದು ಅತ್ತಿದ್ದು ಜಾಹೀರಾತಿಗಾ?"

ಇಬ್ಬರೂ ಜೋರಾಗಿ ನಕ್ಕರು. ಮುಂದಿನ ಸಲ ಅವನು ಡಬ್ಬಿ ತುಂಬ ಹಿಪ್ಪುನೇರಳೆ ಹಣ್ಣು ತಂದ. ಅವಳ ಬೆರಳೆಲ್ಲ ನೇರಳೆಯಾಯಿತು.

ಸಾಬೀರ್ ಬಗ್ಗಿ ನೋಡಿದ. "ಅಕ್ಕಾ, ತೊಳೆಯೋದು ಕ್ಯಾಸೆಟ್ಟು ತಾನೇ? ಈ ಅಣ್ಣ ಬರೋ ದಿನ ಮಾತ್ರ ಮುಡೀಲಿ ಮಲ್ಲಿಗೆ ಹೂವ ಯಾಕೆ?"

"ನಿನ್ನ ಕೆಲಸ ನೋಡ್ಕೊಳೋ!"

ಬೈದಳು ನಿಜ. ಆದರೆ ಕೆನ್ನೆ ಬಿಸಿಯಾಗಿತ್ತು... 'ಇವನ ಕೆಲಸ ಮುಗಿದ್ರೆ ಆಮೇಲೆ ಬರ್ತಾನಾ?' ಮನಸ್ಸಿಗೆ ಆ ಪ್ರಶ್ನೆ ಹೊಕ್ಕ ಮೇಲೆ, ಒರೆಸುವ ಕೈ ತಾನಾಗಿಯೇ ನಿಧಾನವಾಗುತ್ತಿತ್ತು.

* * *

ರೀಲು ಒಣಗಿದ ದಿನ ಅವನು ಬರಲಾಗಲಿಲ್ಲ. "ಹುಳು ಹಣ್ಣಾಗವೆ, ಗೂಡು ಕಟ್ಟಕ್ಕೆ ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡ್ಬೇಕು. ಇವತ್ತು ಬುಟ್ರೆ ಬೆಳೆಯೇ ಹೋಯ್ತದೆ. ನೀವು ಹಾಕ್ಬುಡಿ" ಅಂದ ಫೋನಿನಲ್ಲಿ. ರೀಲು ಕೂಡ ಕಾಯುವ ಸ್ಥಿತಿಯಲ್ಲಿರಲಿಲ್ಲ.

ಅವಳು ಕ್ಯಾಸೆಟ್ಟನ್ನು ಮಿಷಿನ್ನಿಗೆ ಹಾಕಿ ಗುಂಡಿ ಒತ್ತಿದಳು.

ಪರದೆ ತುಂಬ ಬಣ್ಣ! ಕಿತ್ತಳೆ ಸಂಜೆ, ನೀಲಿ ಪ್ಲಾಟ್‌ಫಾರಂ, ಹುಡುಗಿಯ ಕೈಯಲ್ಲಿ ತೆಳು ಹಳದಿಯ ಕೊಡೆ. ಭಾಷೆ ತಿಳಿಯದಿದ್ದರೂ ಮತ್ತೆ ಕೇಳಬೇಕೆನಿಸುವ ಹಾಡು. ಕೊನೆಗೆ ರೈಲಿನ ದೀಪ... ಪುಸ್ತಕದ ಚಿತ್ರ... ಆಮೇಲೆ ಮಿಷಿನ್ನಿನೊಳಗೆ ಕರಕರ ಸದ್ದು. ತೆಗೆದು ನೋಡಿದರೆ ಕಪ್ಪು ಪುಡಿ, ಹರಿದು ಮುದುರಿದ ಪ್ಲಾಸ್ಟಿಕ್ಕು. ಕ್ಯಾಸೆಟ್ ಮುಗಿದಿತ್ತು. ಆದರೆ ಹಾಡು ಅವಳ ಲ್ಯಾಪ್‌ಟಾಪಿನಲ್ಲಿತ್ತು!

ಮರುದಿನ ಅವನ ಬೈಕಿನಲ್ಲೇ ಕೂಟಗಲ್‌ಗೆ ಹೋದಳು. ವರಲಕ್ಷ್ಮಮ್ಮ ಜಗಲಿಯಲ್ಲಿ ಕೂತು ಗುನುಗುತ್ತಿದ್ದರು. ಅದೇ ರಾಗ!

ಲತಾಮಣಿ ಲ್ಯಾಪ್‌ಟಾಪ್ ತೆರೆದಳು. ಹಾಡು ಶುರುವಾಯಿತು. ಮುದುಕಿ ಕಣ್ಣರಳಿಸಿದರು... ನೋಡಿದರು... ಹುಬ್ಬು ಗಂಟಾಯಿತು. ಗುನುಗು ನಿಂತಿತು.

"ಇವ್ಳಲ್ಲ."

"ಅವ್ವ, ಒಸಿ ಸರಿಯಾಗಿ ನೋಡವ್ವ..."

"ಇವ್ಳಲ್ಲ ಸಾರ್. ಅವ್ಳದು ಬಿಳೀ ಕೊಡೆ. ಇವ್ಳು ಯಾರೋ ಬ್ಯಾರೇಯೋಳು. ನಾನು ಮನೆಗೋಯ್ತೀನಿ, ಬುಡಿ ಸಾರ್..." ತಮ್ಮದೇ ಮನೆಯ ಜಗಲಿಯಿಂದ ಎದ್ದು ಮನೆಗೆ ಹೊರಟರು ಆಕೆ. ಹೆದರಿಬಿಟ್ಟಿದ್ದರು.

ತಾಯಿಯನ್ನು ಒಳಗೆ ಮಲಗಿಸಿ ಬಂದ ಯೋಗಾನಂದನ ಮುಖ ಬೇರೆಯೇ ಆಗಿತ್ತು.

"ನಮ್ದು ಬ್ಲಾಕ್ ಅಂಡ್ ವೈಟು ಕಣ್ರೀ. ಕೊಡೆ ಬಿಳೀದೇ. ನನಗೂ ಚೆನ್ನಾಗಿ ಗ್ಯಾಪ್ಕ ಐತೆ."

"ಕ್ಯಾಸೆಟ್ಟಲ್ಲಿ ಬಣ್ಣವೇ ಇತ್ತು. ನಾನು ಏನೂ ಸೇರಿಸಿಲ್ಲ. ನಿಮ್ಮ ಟಿವಿನೇ ಬ್ಲಾಕ್ ಅಂಡ್ ವೈಟ್ ಇತ್ತೇನೋ!"

"ನಮ್ಮನೇಲಿದ್ದದ್ದು ಕಲರ್ ಟಿವಿ! ಬೇರೆ ಎಲ್ಲ ಬಣ್ಣದಲ್ಲೇ ಬರೋವು. ಇದೊಂದೇ ಕಪ್ಪು ಬಿಳುಪು. ಕ್ಯಾಸೆಟ್ ಎಲ್ಲಿ, ತೋರ್ಸಿ!"

"ಉದುರೋಯ್ತು... ಮೊದಲೇ ಹೇಳಿದ್ನಲ್ಲ..."

"ಹಾಳಾಗೋಯ್ತು ಅಂತ ಹೇಳಿದ್ರೆ ಸಾಕಿತ್ತು. ಇಂಟರ್ನೆಟ್ಟಿಂದ ಇಂಥದ್ದೇ ಒಂದ ತಂದು ನಮ್ಮವ್ವನ ಮುಂದೆ ಇಟ್ರಲ್ಲ? ಮರ್ತೋಳಿಗೆ ಏನು ತೋರ್ಸಿದ್ರೂ ನಡೀತದೆ ಅಂತಾನಾ?"

ಏನು ತೋರಿಸಿ ನಂಬಿಸುವುದು? ಇದ್ದ ಒಂದೇ ಸಾಕ್ಷಿ ಪುಡಿಯಾಗಿ ಹೋಗಿತ್ತು.

'ಅಷ್ಟು ದಿನ ಎದುರು ಕೂತು ರೀಲು ಸುತ್ತಿದವನು... ನನ್ನ ಇಷ್ಟೇನಾ ತಿಳ್ಕೊಂಡಿದ್ದು?'

ಲ್ಯಾಪ್‌ಟಾಪ್ ಎದೆಗೊತ್ತಿಕೊಂಡು ಬಸ್ಸು ಹತ್ತಿದಳು. ಕಿಟಕಿ ಕಡೆ ಮುಖ ಮಾಡಿ ರಾಮನಗರದವರೆಗೂ ಅತ್ತಳು.

* * *

ಫೋನು ಮಾಡಿದರೆ ಅವನು ಎತ್ತಲಿಲ್ಲ.

"ಯಾಕ್ ಕೂಸೆ, ಊಟ ಬುಟ್ಟಿದ್ದೀಯಂತೆ?" ಅಂಗಡಿಗೆ ಬಂದ ಅಪ್ಪ ದಾಸಪ್ಪ ಕೇಳಿದರು. ಮೊದಲು ಇದೇ ಅಂಗಡಿಯಲ್ಲಿ ಮದುವೆ ವಿಡಿಯೋ ತೆಗೆಯುತ್ತ, ವಿಸಿಆರ್ ಬಾಡಿಗೆಗೆ ಕೊಡುತ್ತ ಅವಳನ್ನು ಬೆಳೆಸಿದವರು.

ಅವಳು ಎಲ್ಲ ಹೇಳಿದಳು. ಮಲ್ಲಿಗೆ ಹೂವಿನ ವಿಷಯ ಒಂದು ಬಿಟ್ಟು.

ದಾಸಪ್ಪ ಟೀ ಲೋಟ ಕೆಳಗಿಟ್ಟರು. "ಇಬ್ರೂ ನಿಜವೇ ಹೇಳ್ತಿದೀರ. ಜಪಾನಿನವರ ಟಿವಿ ಲೆಕ್ಕ ಬೇರೆ, ನಮ್ದು ಬೇರೆ. ಆ ಕಾಲದ ನಮ್ಮ ವಿಸಿಆರ್‌ಗೆ ಅಮೆರಿಕದ್ದೋ ಜಪಾನಿಂದೋ ಕ್ಯಾಸೆಟ್ ಹಾಕಿದ್ರೆ, ಕಲರ್ ಟಿವಿ ಇದ್ರೂ ಬಣ್ಣ ಬತ್ತಿರ್ಲಿಲ್ಲ. ಬರೀ ಕಪ್ಪು ಬಿಳುಪು. ನಿನ್ನ ಈಗಿನ ಮಿಷಿನ್ನು ಎಲ್ಲ ದೇಶದ್ದೂ ತಿಂತದೆ, ಅದ್ಕೆ ನಿಂಗೊತ್ತಾಗಿಲ್ಲ."

ಲತಾಮಣಿ ಲ್ಯಾಪ್‌ಟಾಪ್ ಎಳೆದುಕೊಂಡಳು.

ಟಿವಿ ಗಾಜು ಮುಟ್ಟಿ ಮುಟ್ಟಿ ಹರುಕೊ ಹೇಳುತ್ತಿದ್ದದ್ದು... ಊರ ನೆನಪಲ್ಲ. 'ಇಲ್ಲಿ ಬಣ್ಣ ಇದೆ, ನಿಮಗೆ ಕಾಣುತ್ತಿಲ್ಲ' ಅಂತ! ಹೇಳಲು ಭಾಷೆಯಿಲ್ಲದೆ ಎಷ್ಟು ಒದ್ದಾಡಿದಳೋ ಆಕೆ!

ಹಾಡು ಹಾಕಿ ಅದರ ಬಣ್ಣವನ್ನೆಲ್ಲ ತೆಗೆದಳು. ತೆಳು ಹಳದಿ ಕೊಡೆ ನೋಡುನೋಡುತ್ತಲೇ ಬಿಳಿಯಾಯಿತು.

'ಹೋಗಲಾ? ನನ್ನ ಮೋಸಗಾತಿ ಅಂದವನ ಬಾಗಿಲಿಗೆ ನಾನೇ ಹೋಗಲಾ?' ಸ್ವಾಭಿಮಾನ ತಡೆಯಿತು. ಆದರೆ ತಮ್ಮದೇ ಜಗಲಿಯಲ್ಲಿ ನಿಂತು 'ಮನೆಗೋಯ್ತೀನಿ' ಅಂದ ಆ ಮುಖ... ಅದರ ಮುಂದೆ ಸ್ವಾಭಿಮಾನ ಎಷ್ಟರದು?

* * *

ಬಾಗಿಲಲ್ಲಿ ಯೋಗಾನಂದ ಬೆಚ್ಚಿ ನಿಂತ. "ನೀವು..."

"ನಿಮ್ಮನ್ನ ನೋಡಕ್ಕೆ ಬಂದಿಲ್ಲ. ಅವ್ವನ್ನ ನೋಡಕ್ಕೆ ಬಂದೆ. ಪಕ್ಕಕ್ಕೆ ಸರೀರಿ."

ವರಲಕ್ಷ್ಮಮ್ಮನನ್ನು ಜಗಲಿಗೆ ಕರೆತಂದು ಅವಳು ಹಾಡು ಹಾಕಿದಳು. ಬಣ್ಣವಿಲ್ಲದ ಸ್ಟೇಷನ್ನು. ಬಿಳಿ ಕೊಡೆ. ಅವನು ಲ್ಯಾಪ್‌ಟಾಪಿಗೆ ಮುಖ ತಾಗುವಷ್ಟು ಹತ್ತಿರ ಕೂತ.

ವರಲಕ್ಷ್ಮಮ್ಮ ಪರದೆಯತ್ತ ಬಾಗಿದರು. "ಹರುಕಮ್ಮ..." ಅಂದರು. ಹಾಡಿದರು. ಅರ್ಥ ತಿಳಿಯದ ಆ ಜಪಾನಿ ಮಾತುಗಳನ್ನು ಕೂಟಗಲ್‌ನ ಜಗಲಿಯಲ್ಲಿ ಕೂತು, ಒಂದೂ ತಪ್ಪದೆ!

ಇದ್ದಕ್ಕಿದ್ದಂತೆ ಗದರಿದರು.

"ಯೋಗೀ! ಅಷ್ಟು ಹತ್ರ ಕೂರಬ್ಯಾಡ ಕಣ್ಲಾ, ಕಣ್ಣೋಯ್ತವೆ! ಹಿಂದಕ್ಕೆ ಬಾ!"

ಮೀಸೆ ಹೊತ್ತ ಗಂಡಸು ಮಗುವಿನ ಹಾಗೆ ಕೂತಲ್ಲೇ ಹಿಂದಕ್ಕೆ ತೆವಳಿದ. "ಬಂದೆ ಕಣವ್ವ... ಬಂದೆ..."

ಆಕೆ ಅವನ ತಲೆ ಮೇಲೆ ಕೈಯಿಟ್ಟು ಕೂದಲು ಸವರಿದರು. ಪರದೆಯಲ್ಲಿ ರೈಲಿನ ದೀಪ ಕಂಡಿತು. ಪುಸ್ತಕದ ಚಿತ್ರ ಬಂತು. ಹಾಡು ಮುಗಿಯಿತು.

ಕೈ ನಿಂತಿತು.

"ಯಾಕ್ ಸಾರ್ ಅಳ್ತಾ ಇದೀರ? ನಿಮ್ಮ ಮನೇಲಿ ಏನಾದ್ರೂ ಆಯ್ತಾ?"

"ಇನ್ನೊಂದ್ಸಲ ಹಾಕಿ!" ಯೋಗಾನಂದ ಅಂಗಲಾಚಿದ. ಹಾಕಿದಳು. ಆಕೆ ಸುಮ್ಮನೆ ನೋಡಿದರು. ಮತ್ತೆ ಹಾಕಿದಳು. ಆಕೆ ಗೋಡೆಗೆ ಒರಗಿ ನಿದ್ದೆ ಹೋದರು.

ಮಾಡುವುದು ಏನೂ ಉಳಿದಿರಲಿಲ್ಲ. ಕೆಲವು ಬಾಗಿಲು ಒಳಗಿನಿಂದ ಮುಚ್ಚಿಕೊಳ್ಳುತ್ತವೆ. ಹೊರಗೆ ನಿಂತವರು ತಟ್ಟಬಹುದು, ಅಷ್ಟೇ.

ಹಿತ್ತಲಿನ ಹಿಪ್ಪುನೇರಳೆ ಸಾಲಿನ ಪಕ್ಕ ಅವಳು ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. ಅವನು ಹಿಂದೆಯೇ ಬಂದ. ಬಣ್ಣ ಬರದ ಕಾರಣವನ್ನು ಅವಳು ಹೇಳಿದಳು. ತಲೆ ತಗ್ಗಿಸಿ ಕೇಳಿಸಿಕೊಂಡ.

"ನಿಮ್ಮನ್ನ ಏನೇನೋ ಅಂದ್ಬುಟ್ಟೆ... ಕಳ್ಳಿ ಅನ್ನೋದೊಂದು ಬಾಕಿ."

"ಅದನ್ನೂ ಅಂದ್ಬುಡಿ, ಯಾಕೆ ಉಳಿಸ್ಕೊತೀರಿ?"

ಅಳುವಿನ ನಡುವೆ ಅವನಿಗೆ ನಗು ಬಂತು. ಆಮೇಲೆ ನಗುವೂ ಹೋಯಿತು. "ಲತಾ... ಕೇಳಕ್ಕೆ ಮುಖವಿಲ್ಲ, ಆದ್ರೂ ಕೇಳ್ತೀನಿ. ಈ ಮನೆಗೆ ಬತ್ತೀರಾ? ನೀವಿಲ್ದೆ ನನ್ನ ಕೈಲಾಗಲ್ಲ. ಆದ್ರೆ ಸುಳ್ಳು ಹೇಳಲ್ಲ... ನಮ್ಮವ್ವ ನಿಮ್ಮನ್ನ ಯಾವತ್ತೂ ಸೊಸೆ ಅಂತ ಗುರುತಿಡಿಯಲ್ಲ."

"ಗೊತ್ತು."

"ದಿನಾ ಬೆಳಿಗ್ಗೆ ನೀವ್ಯಾರು ಅಂತಾಳೆ."

"ದಿನಾ ಹೇಳ್ತೀನಿ. ನಿಮ್ಮ ಮಗನ ಹೆಂಡ್ತಿ ಅಂತ."

"'ನಂಗೆ ಮಗನೇ ಇಲ್ಲ' ಅಂದ್ರೆ ಅವ್ವ?"

ಅವಳು ಮೊದಲ ಸಲ ಅವನ ಕೈ ಹಿಡಿದಳು. "ಆಗ ನಿಮ್ಮನ್ನ ಕರ್ಕೊಂಡೋಗಿ ಪಕ್ಕದಲ್ಲಿ ಕೂರಿಸ್ತೀನಿ. ಮೂರು ಜನವೂ ಕಾಫಿ ಕುಡಿಯೋಣ."

ಅವನು ಆ ಕೈಗೆ ಹಣೆಯೊತ್ತಿ ಬಿಕ್ಕಿದ. ಅವಳು ತಡೆಯಲಿಲ್ಲ.

ವರಲಕ್ಷ್ಮಮ್ಮ ಮತ್ತೆಂದೂ ಮಗನ ಹೆಸರು ಹೇಳಲಿಲ್ಲ. ಕೊನೆಕೊನೆಗೆ ಹಾಡನ್ನೂ ಮರೆತರು. ತಾಯಿ ಒಮ್ಮೆ ಹೆಸರು ಹಿಡಿದು ಗದರಿದ್ದು ಯೋಗಾನಂದನಿಗೆ ಸಿಕ್ಕಿತು, ಲತಾಮಣಿ ಸಿಕ್ಕಳು. ತಾಯಿ ಸಿಗಲಿಲ್ಲ.