ಇಪ್ಪತ್ತೊಂಬತ್ತೂವರೆ ಮಿಲಿಮೀಟರ್

ಇದನ್ನು ಪ್ರೇಮಕಥೆ ಎಂದು ಬರೆಯಲು ಹೊರಟಿದ್ದಕ್ಕೆ ಓದುವವರು ಕ್ಷಮಿಸಬೇಕು. ಇದರಲ್ಲಿ ಬರುವ ಇಬ್ಬರೂ ಒಬ್ಬರಿಗೊಬ್ಬರು ಒಳ್ಳೆಯ ಮಾತಾಡಿದ್ದು ಕಡಿಮೆ. ನಾನು ಸಂಜೆ ತರಗತಿಯಲ್ಲಿ ಡ್ರಾಫ್ಟಿಂಗ್, ಅಂದರೆ ಕಟ್ಟಡದ ನಕ್ಷೆ ಬರೆಯುವುದನ್ನು, ಕಲಿತವಳು. ಅಳತೆ ಬರೆದು ಅಭ್ಯಾಸವಿದೆ, ಇಂಥದ್ದು ಬರೆದು ಇಲ್ಲ. ತಪ್ಪಿದ್ದರೆ ನನ್ನದು.

1983ರಲ್ಲಿ ತುಮಕೂರಿನ ಒಂದು ಮಹಡಿಯ ಮೇಲೆ ಎಂಜಿನಿಯರ್ ಚಂದ್ರಶೇಖರಯ್ಯನವರ ಆಫೀಸು. ಕುಣಿಗಲ್ಲಿನ ಒಂದು ಲೈಬ್ರರಿ ಕಟ್ಟಡದ ಪ್ಲಾನ್ ಕೆಲಸ ಬಂದಿತ್ತು. ಅದರ ಮಾಡೆಲ್ ಮಾಡಿ ಕಮಿಟಿಗೆ ತೋರಿಸಬೇಕು. ಮಾಡೆಲ್ ಗೋಡೆಗೆ ಬೇಕಾದ ಫೋಮ್ ಬೋರ್ಡ್ ನಮ್ಮೂರಲ್ಲಿ ಸಿಗುತ್ತಿರಲಿಲ್ಲ. ಥರ್ಮೊಕೋಲ್ ಹಾಳೆಯ ಎರಡೂ ಕಡೆ ದಪ್ಪ ಕಾಗದ ಅಂಟಿಸಿ ನಾವೇ ಮಾಡಿಕೊಳ್ಳುತ್ತಿದ್ದೆವು.

ನಾವು ಎಂದರೆ ನಾನು, ಅಲಮೇಲು; ಮತ್ತೆ ಗುಬ್ಬಿಯಿಂದ ದಿನಾ ರೈಲಿನಲ್ಲಿ ಬರುತ್ತಿದ್ದ ಯೋಗನರಸಿಂಹ. ಅವನದು ಹಗಲು ಕಾಲೇಜಿನ ಡಿಪ್ಲೊಮಾ.

"ಈ ಮಾಡೆಲ್ ಮುಗೀಲಿ. ಆಮೇಲೆ ಇಬ್ಬರಲ್ಲಿ ಒಬ್ಬರನ್ನೇ ಇಟ್ಕೊಳ್ಳೋದು," ಎಂದು ಚಂದ್ರಶೇಖರಯ್ಯನವರು ಮೊದಲೇ ಹೇಳಿಬಿಟ್ಟಿದ್ದರು. ನನಗೆ ಆ ಕೆಲಸ ಬೇಕಿತ್ತು. ಸಂಜೆ ಸರ್ಟಿಫಿಕೇಟು ಹಿಡಿದುಕೊಂಡು ಹೋದರೆ ಬೇರೆಲ್ಲೂ ಕೂರಿಸುತ್ತಲೂ ಇರಲಿಲ್ಲ.

"ಏನ್ರೀ ಅಲಮೇಲು, ಅದೇ ಗೋಡೇನ ಎಷ್ಟನೇ ಸಲ ಅಳೀತಿದೀರ?" ಯೋಗನರಸಿಂಹ ಕೇಳಿದ.

"ಮೂರನೇ ಸಲ."

"ಅಳೆದೂ ಅಳೆದೂ ಸವೆದುಹೋಗತ್ತೆ ಅದು."

"ನೀವು ಒಂದೇ ಸಲ ಅಳೆದ ಬಾಗಿಲು ನಿನ್ನೆ ಕೂತ್ಕೊಳ್ತಾ?"

ಅವನು ಹೊಸ ಬ್ಲೇಡು ಹಾಕಿಕೊಂಡು ಬೆನ್ನು ತಿರುಗಿಸಿ ಕೂತ. ಕಿವಿ ಮಾತ್ರ ಕೆಂಪಾಗಿತ್ತು.

ಒಂದು ದಿನ ಬೀರುವಿನ ಮೇಲಿದ್ದ ಡ್ರಾಯಿಂಗ್ ರೋಲು ನನ್ನ ಕೈಗೆ ಎಟಕಲಿಲ್ಲ. ಸ್ಟೂಲು ತರಲು ಬಾಗಿಲ ಹತ್ತಿರ ಹೋದೆ.

"ಒಂದ್ನಿಮಿಷ, ಅಲ್ಲಾಡಬೇಡಿ," ಎಂದವನೇ ನನ್ನ ನೆತ್ತಿಯ ಮಟ್ಟಕ್ಕೆ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದ. "ನಾಲ್ಕಡಿ ಹತ್ತಿಂಚು. ಇನ್ಮೇಲೆ ಎತ್ತರದಲ್ಲಿ ಏನೂ ಇಡಬಾರದು ಸಾರ್, ಮೇಡಂಗೆ ಸಿಗಲ್ಲ."

ಚಂದ್ರಶೇಖರಯ್ಯನವರೂ ನಕ್ಕರು. ಎಲ್ಲರೂ ಹೋದ ಮೇಲೆ ಗೆರೆಯನ್ನು ರಬ್ಬರಿನಿಂದ ಉಜ್ಜಿದೆ. ಮರುದಿನ ಅದು ಅಲ್ಲೇ ಇತ್ತು. ಮತ್ತೆ ಉಜ್ಜಿದೆ, ಮತ್ತೆ ಬಂತು. ರೋಲುಗಳೆಲ್ಲ ಕೆಳಗಿನ ಖಾನೆಗೆ ಇಳಿದಿದ್ದನ್ನು ನಾನು ಗಮನಿಸಿದ್ದು ಬಹಳ ದಿನಗಳ ಮೇಲೆ.

ಗೋಡೆ, ಛಾವಣಿ ನನ್ನ ಪಾಲು. ಬಾಗಿಲು, ಒಳಗಿನ ಕಪಾಟು, ಮೇಜು, ಮತ್ತೆ ಅಲ್ಲಲ್ಲಿ ನಿಲ್ಲಿಸುವ ಕಾಗದದ ಜನ ಅವನ ಪಾಲು. ಕೊನೆಯ ದಿನ ಛಾವಣಿಗೆ ಗೋಂದು ಹಚ್ಚುತ್ತಿದ್ದೆ.

"ಮುಚ್ಚೋ ಮುಂಚೆ ಒಳಗೆ ಒಂದ್ಸಲ ನೋಡ್ಬಿಡಿ," ಎಂದ.

"ನಿಮ್ಮ ಕೆಲಸ ನಾನ್ಯಾಕೆ ನೋಡ್ಲಿ? ತಪ್ಪಿದ್ರೆ ನಿಮ್ಮ ತಲೆ ಮೇಲೆ."

ಅವನು ಬ್ಲೇಡು ಕೆಳಗಿಟ್ಟ. "ಸರಿ. ಅಂಟಿಸಿ."

ನಾಲ್ಕೂ ಅಂಚಿಗೆ ದಪ್ಪಗೆ ಗೋಂದು ಹಚ್ಚಿ ಮುಚ್ಚಿದೆ. ಎಲ್ಲವನ್ನೂ ಮೂರು ಸಲ ನೋಡುವ ನಾನು ಅದನ್ನು ಒಂದು ಸಲವೂ ನೋಡಲಿಲ್ಲ.

ಕುಣಿಗಲ್ ಬಸ್ಸಿನಲ್ಲಿ ಮಾಡೆಲ್ ಇಬ್ಬರ ಮೊಣಕಾಲ ಮೇಲಿತ್ತು. ಹೆಬ್ಬೂರು ದಾಟಿದ ಮೇಲೆ ಬಸ್ಸು ಒಂದು ಗುಂಡಿಗೆ ಇಳಿದು ಎದ್ದಿತು. ಮಾಡೆಲಿನ ಅಡಿಹಲಗೆಯ ಕೆಳಗೆ ಅವನ ಕೈ ನನ್ನ ಕೈ ಮೇಲೆ ಬಿತ್ತು.

"ಕೈ ತೆಗೀರಿ."

"ತೆಗೆದ್ರೆ ಲೈಬ್ರರಿ ಬಿದ್ದೋಗತ್ತೆ."

"ಹಾಗಾದ್ರೆ ಮಾತಾಡ್ದೆ ಹಿಡ್ಕೊಳ್ಳಿ."

ಕುಣಿಗಲ್ ಕೆರೆ ಕಾಣುವವರೆಗೂ ಅವನು ಮಾತೂ ಆಡಲಿಲ್ಲ, ಕೈಯೂ ತೆಗೆಯಲಿಲ್ಲ. ನಾನೂ ಮತ್ತೆ ಹೇಳಲಿಲ್ಲ.

ಹೊರಗೆ ನಿಲ್ಲಿಸುವ ಕಾಗದದ ಜನರನ್ನು ಅವನು ಅಲ್ಲಿ ತಲುಪಿದ ಮೇಲೆಯೇ ಅಂಟಿಸಿದ್ದ. ಕಮಿಟಿಯ ಹಿರಿಯರು ಪುಟ್ಟರಂಗಯ್ಯನವರು. ಕನ್ನಡಕ ಏರಿಸಿ ಮಾಡೆಲ್ ಸುತ್ತ ಬಗ್ಗಿ ನೋಡಿದರು.

"ಎಲ್ಲಾ ಚೆನ್ನಾಗೈತೆ ಕಣಪ್ಪ. ಈ ಬಾಗಿಲಲ್ಲಿ ನಿಂತಿರೋ ಹುಡುಗಿ ಯಾಕೆ ಇಷ್ಟು ಗಿಡ್ಡ? ಮಿಕ್ಕೋರೆಲ್ಲ ಉದ್ದಕ್ಕವ್ರೆ. ಅಳತೆ ತಪ್ಪೈತಾ?"

ಸುಳ್ಳು ಹೇಳಬಾರದು, ನನಗೆ ಸಂತೋಷವೇ ಆಯಿತು. ಅವನ ತಪ್ಪು, ಎಲ್ಲರೆದುರಿಗೆ. ಬ್ಯಾಗಿನಿಂದ ಸ್ಕೇಲು ತೆಗೆದೆ. ಮಿಕ್ಕವರೆಲ್ಲ ಮೂವತ್ಮೂರು ಮಿಲಿಮೀಟರ್. ಅವಳೊಬ್ಬಳು ಇಪ್ಪತ್ತೊಂಬತ್ತೂವರೆ. ಮಾಡೆಲ್ ಐವತ್ತಕ್ಕೆ ಒಂದರ ಅಳತೆಯದು. ಐವತ್ತರಿಂದ ಗುಣಿಸಿ ಅಡಿಗೆ ತಿರುಗಿಸಿದೆ.

ನಾಲ್ಕಡಿ ಹತ್ತಿಂಚು.

ಮತ್ತೆ ಅಳೆದೆ. ನನ್ನ ಹಾಗೆ ಸೊಂಟದವರೆಗೆ ಜಡೆ. ಎಡ ಭುಜಕ್ಕೆ ಬ್ಯಾಗು. ಕೈಯಲ್ಲಿ ಸೂಜಿಯಷ್ಟು ತೆಳ್ಳಗಿನ ಸ್ಕೇಲು. ಮೂರನೇ ಸಲವೂ ಅಳೆದೆ.

"ಏನಮ್ಮಾ, ತಪ್ಪೈತಾ?"

ಹೌದು ಎಂದಿದ್ದರೆ ಕೆಲಸ ನನ್ನದು. ಯೋಗನರಸಿಂಹ ಕಿಟಕಿಯ ಕಡೆ ನೋಡುತ್ತಿದ್ದ. ಕಿವಿ ಕೆಂಪಾಗಿತ್ತು.

"ಇಲ್ಲ ಸಾರ್," ಎಂದೆ. "ಸರಿಯಾಗಿದೆ."

ಬಸ್ ಸ್ಟ್ಯಾಂಡಿನಲ್ಲಿ ಕೇಳಿದೆ. "ನನ್ನ ಅಣಕಿಸೋಕೆ ತಾನೆ ಅದು?"

"ಅಣಕಿಸೋಕೆ ಅಷ್ಟು ಸಣ್ಣ ಜಡೆ ಕತ್ತರಿಸ್ತಾ ಕಣ್ಣು ಯಾರು ಹಾಳುಮಾಡ್ಕೊಳ್ತಾರ್ರೀ?"

"ಮತ್ತೆ ಇಷ್ಟು ದಿನ ಜಗಳ ಯಾಕಾಡಿದ್ರಿ?"

"ಸುಮ್ನಿದ್ದಿದ್ರೆ ನೀವು ಮಾತೇ ಆಡ್ತಿರಲಿಲ್ಲ." ಬಂದ ಬಸ್ಸಿನ ಬೋರ್ಡು ನೋಡುತ್ತಾ ಹೇಳಿದ, "ನಾಳೆಯಿಂದ ನನಗೆ ಗುಬ್ಬೀಲೇ ಕೆಲಸ. ಸಾರ್‌ಗೆ ಹೋದ ವಾರವೇ ಹೇಳಿದೀನಿ."

ಕೇಳಬೇಕಾದ್ದು ಬಿಟ್ಟು ಬೇರೇನೋ ಕೇಳಿದೆ. "ಮಾಡೆಲ್‌ನಲ್ಲಿ ನನ್ನ ನಿಲ್ಲಿಸಿದ್ರಿ. ನೀವೆಲ್ಲಿ?"

"ಒಳಗೆ."

"ಒಳಗೆ ಏನ್ ಮಾಡ್ತಿದೀರ?"

"ಅದಕ್ಕೇ ನೋಡಿ ಅಂದಿದ್ದು."

ನನಗೆ ಕೆಲಸ ಖಾಯಂ ಆಯಿತು. ಚೌಕಟ್ಟಿನ ಗೆರೆಯನ್ನು ಮತ್ತೆ ಉಜ್ಜಲಿಲ್ಲ. ಗುಬ್ಬಿಗೆ ಮೂರು ಸಲ ಕಾಗದ ಬರೆದೆ, ಮೂರೂ ಸಲ ಹರಿದೆ. ಅಲ್ಲಿಂದಲೂ ಒಂದೂ ಬರಲಿಲ್ಲ.

ಮಾಡೆಲನ್ನು ಕುಣಿಗಲ್ಲಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಹೋದಾಗಲೆಲ್ಲ ಬಗ್ಗಿ ಅದರ ಕಿಟಕಿಯೊಳಗೆ ನೋಡುತ್ತಿದ್ದೆ. ಕಪಾಟು ಅಡ್ಡ. ಕಪಾಟಿನ ಪಕ್ಕ ಕಂದುಬಣ್ಣದ್ದೇನೋ ಕಾಣುತ್ತಿತ್ತು. ಅವನ ಕಾಲೋ, ಮೇಜಿನ ಕಾಲೋ ತಿಳಿಯದು. ಛಾವಣಿ ಎತ್ತಿದರೆ ಗೋಡೆ ಕಿತ್ತು ಬರುತ್ತಿತ್ತು. ಅಷ್ಟು ಚೆನ್ನಾಗಿ ಅಂಟಿಸಿದ್ದೆ. ಕೆಲವು ವರ್ಷಗಳ ಮೇಲೆ ಸುಣ್ಣ ಬಳಿಯುವಾಗ ಪೆಟ್ಟಿಗೆಯನ್ನು ಎಲ್ಲಿಗೋ ಸಾಗಿಸಿದರು. ಎಲ್ಲಿಗೆಂದು ಅಲ್ಲಿ ಯಾರಿಗೂ ನೆನಪಿಲ್ಲ.

ಅವನು ಒಳಗೆ ಕೂತಿದ್ದನೋ, ನಿಂತಿದ್ದನೋ, ಮುಖ ಬಾಗಿಲ ಕಡೆಗಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.