ಕಟಕಟ ಸೈಕಲ್ಲು, ಕಲ್ಲಾದ ತಮ್ಮ

ಅರಮನೆಯ ಲಾಯದಲ್ಲಿ ಕುದುರೆಗಳ ಬದಲು ಸೈಕಲ್ಲುಗಳು ನಿಲ್ಲುತ್ತಿದ್ದ ಕಾಲ. ತಿರುಗಣೆ ಎಂಬ ರಾಜ್ಯದಲ್ಲಿ ಹೊನ್ನಲತೆ ಎಂಬ ರಾಜಕುಮಾರಿಯಿದ್ದಳು. ನಾಲ್ಕು ಜನರೆದುರು ಬಾಯಿಬಿಡಲು ಅವಳಿಗೆ ಸಂಕೋಚ. ಒಂದು ದಿನ ಅವಳ ತಮ್ಮ ಜಯಕೇತ ಕಟಕಟ ಎನ್ನುವ ತನ್ನ ಹಳೇ ಸೈಕಲ್ಲು ತುಳಿಯುತ್ತ ಕಂಕಾಳನೆಂಬ ಮಾಂತ್ರಿಕನ ಗುಹೆಯ ಮುಂದೆ ಹಾದುಹೋದ. ಮಾಂತ್ರಿಕನ ನಿದ್ದೆ ಕೆಟ್ಟಿತು. ಮಂತ್ರ ಹಾಕಿದ. ರಾಜಕುಮಾರನ ಪಾದಗಳು ಕಲ್ಲಾದವು.

ಸುದ್ದಿ ತಿಳಿದು ಹೊನ್ನಲತೆ ಓಡಿಬಂದಳು.

"ಈ ಸದ್ದು ಎಲ್ಲಿಂದ ಹುಟ್ಟುತ್ತೆ ಹೇಳು, ಇವನನ್ನ ಬಿಡ್ತೀನಿ," ಎಂದ ಮಾಂತ್ರಿಕ. "ಮೂರು ಸಲ ಹೇಳಬಹುದು. ತಪ್ಪಿದಾಗಲೆಲ್ಲ ಕಲ್ಲು ಮೇಲೇರುತ್ತೆ. ಮೂರನೇದೂ ತಪ್ಪಿದರೆ ತಲೆತನಕ."

ಅವಳು ಪೆಡಲ್ ತಿರುಗಿಸಿದಳು. ಕಟಕಟ. ಸದ್ದು ಹಿಂದಿನಿಂದ ಬಂದಂತಿತ್ತು.

"ಹಿಂದಿನ ಚಕ್ರ," ಎಂದಳು ಮೆಲ್ಲಗೆ.

ಮಾಂತ್ರಿಕ ಚೈನು ಕಳಚಿ ಚಕ್ರ ತಿರುಗಿಸಿದ. ಚೂರೂ ಸದ್ದಿಲ್ಲ. ಕಲ್ಲು ಮೊಣಕಾಲಿಗೆ ಬಂತು.

"ಹಾಗಾದರೆ ಚೈನು."

ಮಾಂತ್ರಿಕ ಗಾಳಿಯಲ್ಲಿ ಕೈಯಾಡಿಸಿ ಹೊಸ ಚೈನು ಬರಿಸಿ ಸೈಕಲ್ಲಿಗೆ ತೊಡಿಸಿದ. ಅವಳು ಪೆಡಲ್ ತುಳಿದಳು. ಕಟಕಟ ಹೋಗಲಿಲ್ಲ, ಸಾಲದ್ದಕ್ಕೆ ಚೈನು ಧಡಕ್ಕನೆ ಜಾರತೊಡಗಿತು. ಕಲ್ಲು ಸೊಂಟಕ್ಕೆ ಬಂತು.

"ಅಕ್ಕ, ಮುಂದೆ ಹೊಟ್ಟೆ. ನಾನಿನ್ನೂ ತಿಂಡಿ ತಿಂದಿಲ್ಲ," ಎಂದ ಜಯಕೇತ.

"ಸುಮ್ನಿರೋ. ನಂಗೇ ಏನೂ ತೋಚ್ತಿಲ್ಲ."

ಹೊಸ ಚೈನನ್ನು ಕಳಚಿ ಹಳೆಯದರ ಪಕ್ಕ ಇಳಿಬಿಟ್ಟು ನೋಡಿದಳು. ಕೊಂಡಿಗಳು ಅಷ್ಟೇ ಇದ್ದರೂ ಹಳೆಯದು ಹಿಗ್ಗಿ ಉದ್ದವಾಗಿತ್ತು. ಅಂದರೆ ಚೈನು ಕೆಟ್ಟಿದ್ದು ನಿಜ. ಹೊಸದು ಹಾಕಿದರೂ ಸದ್ದು ಬಂದಿದ್ದೂ ನಿಜ. ಎರಡೂ ನಿಜವಾದರೆ ಸುಳ್ಳು ಯಾವುದು? ಅವಳಿಗೆ ತಲೆ ಗಿರ್ರೆಂದಿತು. ತಲೆ ತಗ್ಗಿಸಿ ಕೂತಳು. ಆಗ ಪೆಡಲಿನ ಬಳಿಯ ಹಲ್ಲುಗಾಲಿ ಕಣ್ಣಿಗೆ ಬಿತ್ತು. ಹಲ್ಲುಗಳೆಲ್ಲ ಸವೆದು ಚೂಪಾಗಿ ಒಂದೇ ಕಡೆ ಬಾಗಿದ್ದವು. ಹಿಂದಿನ ಚಿಕ್ಕ ಹಲ್ಲುಗಾಲಿಯದೂ ಅದೇ ಪಾಡು.

"ಒಂದು ಜಾಗ ಅಲ್ಲ," ಎಂದಳು.

"ಕೇಳಿಸಲಿಲ್ಲ ತಾಯಿ. ಗಟ್ಟಿಯಾಗಿ ಹೇಳು," ಎಂದ ಮಾಂತ್ರಿಕ.

"ಒಂದು ಜಾಗ ಅಲ್ಲ. ಹಿಗ್ಗಿದ ಚೈನು ಹಲ್ಲುಗಳನ್ನ ತಿಂದಿದೆ. ಸವೆದ ಹಲ್ಲು ಈಗ ಹೊಸ ಚೈನನ್ನ ಹಿಡೀತಿಲ್ಲ. ಸದ್ದು ಎರಡರ ನಡುವೆ ಹುಟ್ಟುತ್ತೆ. ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು."

ಕಲ್ಲು ಸಕ್ಕರೆಯಂತೆ ಕರಗಿತು. ಪಂದ್ಯದಲ್ಲಿ ಸೋತದ್ದೇ ತಡ, ಮಾಂತ್ರಿಕನ ಮಂತ್ರಗಳೆಲ್ಲ ಕಲಸಿಹೋಗಿ, ಯಾವುದರ ಹಿಂದೆ ಯಾವುದೆಂದು ತಿಳಿಯದೆ ಅವನು ತೊದಲುತ್ತ ರಾಜ್ಯ ಬಿಟ್ಟುಹೋದ.

ಹೊಸ ಹಲ್ಲುಗಾಲಿಗಳು, ಹೊಸ ಚೈನು, ಮೇಲೆ ನಾಲ್ಕು ತೊಟ್ಟು ಎಣ್ಣೆ. ಸೈಕಲ್ಲು ಬರುವುದೇ ಈಗ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಜಯಕೇತ ಬೀದಿಯುದ್ದಕ್ಕೂ "ಸರೀರಿ, ಸರೀರಿ" ಎಂದು ಕೂಗುತ್ತ ಹೋಗಬೇಕಾಯಿತು. ಜನ ಬೈದುಕೊಂಡೇ ದಾರಿ ಬಿಟ್ಟರು, ಎಲ್ಲರೂ ಸುಖವಾಗಿದ್ದರು.