ಹಿಂದಡಿ ಇಟ್ಟು ಬಂದವರು

ಬೆಳಿಗ್ಗೆ ಎದ್ದು ನೋಡಿದರೆ ಮೂವರು ಮಕ್ಕಳಲ್ಲಿ ಕಿರಿಯಳಾದ ಪುಟ್ಟಿಯ ಚಾಪೆ ಖಾಲಿ. ಕಾಡಿನ ಕಡೆಯ ಬಾಗಿಲು ಎಂದಿನಂತೆ ತೆರೆದೇ ಇತ್ತು. ಹಗ್ಗ ಹೊಸೆಯುವ ಅಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅದು ಸತ್ತವರ ದನಿ ಕದಿಯುವ ಕಾಡು. ಅಮ್ಮ ತೀರಿಕೊಂಡಾಗಿನಿಂದ ಅಮ್ಮನ ದನಿಯಲ್ಲೇ ಕರೆಯುತ್ತಿತ್ತು. ಒಳಗೆ ಹೋಗುವವರಿಗೆ ಅಡ್ಡಿಯಿಲ್ಲ. ಹೊರಟು ಬರುವಾಗ ಬೆನ್ನ ಹಿಂದಿನಿಂದ ಕರೆಯುತ್ತದೆ. ತಿರುಗಿ ನೋಡಿದವರ ಕಾಲು ಅಲ್ಲೇ ಬೇರೂರಿ, ಮೈಗೆ ಮರದ ತೊಗಟೆ ಹತ್ತುತ್ತದೆ.

ಅಪ್ಪನ ಒಂದು ಕಾಲು ಸ್ವಾಧೀನದಲ್ಲಿರಲಿಲ್ಲ. ಮನೆಯಲ್ಲಿದ್ದ ಹಗ್ಗವನ್ನೆಲ್ಲ ಗಂಟುಹಾಕಿ, ಒಂದು ತುದಿಯನ್ನು ಅಂಗಳದ ರಾಟೆಗೂ ಇನ್ನೊಂದನ್ನು ಅಕ್ಕನ ಸೊಂಟಕ್ಕೂ ಕಟ್ಟಿದ.

"ಎರಡು ಸಲ ಜಗ್ಗಿದ್ರೆ ಸುತ್ತೋಕೆ ಶುರು ಮಾಡ್ತೀನಿ. ಕತ್ತಲಾಗೋದ್ರೊಳಗೆ ಬನ್ನಿ, ಆಮೇಲೆ ತೊಗಟೆ ಎದೆಗೇರುತ್ತೆ. ನಿಮ್ಮಮ್ಮ ಕರೆದ್ರೂ..." ಅಪ್ಪ ಗಂಟನ್ನು ಇನ್ನೊಮ್ಮೆ ಬಿಗಿದ.

"ನಾನು ಕಿವಿಗೆ ನಾರು ತುರುಕ್ಕೊಂಡಿದ್ದೀನಿ," ಎಂದ ತಮ್ಮ.

"ಅದಿಲ್ದಿದ್ರೂ ನೀನು ಯಾರ ಮಾತೂ ಕೇಳಲ್ಲ. ನಡಿ," ಎಂದಳು ಅಕ್ಕ.

ಕಾಡಿನಲ್ಲಿ ಗಾಳಿಯಿರಲಿಲ್ಲ, ಆದರೂ ಎಲೆ ಅಲುಗುತ್ತಿತ್ತು. ಹಕ್ಕಿಯ ಸುಳಿವಿಲ್ಲ. ಮರಗಳ ಬುಡದಲ್ಲಿ ಎಂದೋ ಬಂದವರ ಚಪ್ಪಲಿಗಳು ಪಾಚಿ ಹಿಡಿದು ಕೂತಿದ್ದವು. ಕೆಲವು ಕಾಂಡಗಳಲ್ಲಿ ಮೊಣಕೈಯ ಮಡಿಕೆ, ಕೆಲವುಗಳಲ್ಲಿ ಹೆಗಲಿನ ಇಳಿಜಾರು. ಎಲ್ಲವೂ ಕಾಡಿನ ಒಳಕ್ಕೇ ಕತ್ತು ಹೊರಳಿಸಿ ನಿಂತಿದ್ದವು. ಅಕ್ಕ ದೇವರ ಹೆಸರು ಹೇಳುತ್ತ ನಡೆದಳು.

ಒಂದು ತಗ್ಗಿನಲ್ಲಿ ಪುಟ್ಟಿ ಸಿಕ್ಕಳು. ಮೊಣಕಾಲಿನವರೆಗೆ ತೊಗಟೆ.

"ಅಮ್ಮ ಬಾ ಅಂದ್ಳು, ಬಂದೆ. ಎಲ್ಲೂ ಕಾಣ್ಲಿಲ್ಲ. ವಾಪಸ್ ಹೊರಟ್ರೆ ಮತ್ತೆ ಕರೆದ್ಳು."

ಅಕ್ಕ ನಾರು ಸೀಳುವ ಚೂರಿಯಿಂದ ತೊಗಟೆ ಕೊಯ್ದಳು. ರಕ್ತ ಬಂತು. ಪುಟ್ಟಿ ಹಲ್ಲು ಕಚ್ಚಿದಳು. ತಮ್ಮ ಅವಳನ್ನು ಹೆಗಲಿಗೇರಿಸಿ ಮನೆಯ ಕಡೆ ಹೆಜ್ಜೆ ಇಟ್ಟ.

"ಮಗಾ, ಊಟ ಮಾಡಿದ್ಯಾ?"

ಬೆನ್ನ ಹಿಂದಿನಿಂದ ಅಮ್ಮನ ದನಿ; ಕಿವಿಯ ನಾರಿಗೆ ನಿಲ್ಲುವಂಥದ್ದಲ್ಲ. ತಮ್ಮ ಗಕ್ಕನೆ ತಿರುಗಿದ. ಪಾದ ನೆಲ ಕಚ್ಚಿತು. ಅಕ್ಕ ಮತ್ತೆ ಚೂರಿ ಹಾಕಿದಳು. ಪಾದ ಬಿಡಿಸಿಕೊಂಡಿತು; ಹೆಬ್ಬೆರಳು ಬೇರಿನಲ್ಲೇ ಉಳಿಯಿತು.

"ನನ್ ಕೈಲಾಗಲ್ಲ ಅಕ್ಕಾ. ಇನ್ನೊಂದ್ಸಲ ಕರೆದ್ರೆ ಮತ್ತೆ ತಿರುಗ್ತೀನಿ. ನೀವಿಬ್ರೂ ಹೋಗಿ."

ಅಕ್ಕನ ಕತ್ತೂ ತಾನಾಗಿಯೇ ಹೊರಳುತ್ತಿತ್ತು. ಕೈ ಸೊಂಟದ ಹಗ್ಗಕ್ಕೆ ತಾಗಿತು. ದಿನವೂ ಮಾಡುವ ಕೆಲಸ ನೆನಪಾಯಿತು: ಅಪ್ಪ ರಾಟೆ ತಿರುಗಿಸುವಾಗ, ಸೊಂಟದ ನಾರನ್ನು ಎದುರಿಗೆ ಬಿಡುತ್ತ ಹಿಂದಡಿ ಇಟ್ಟು ನಡೆಯುವುದು.

"ಹಗ್ಗ ಹೊಸೆಯೋ ಹಾಗೇ ಹೋಗೋಣ ಕಣೋ. ಅದು ಮತ್ತೆ ಕರೆಯೋ ಮೊದ್ಲೇ ದನಿ ಕಡೆಗೆ ಮುಖ ಮಾಡ್ಕೊಳ್ಳೋಣ. ಆಗ ತಿರುಗೋದೇ ಬೇಡ."

ತಮ್ಮನನ್ನೂ ಹಗ್ಗಕ್ಕೆ ಬಿಗಿದು, ಪುಟ್ಟಿಯನ್ನು ತಾನು ಎತ್ತಿಕೊಂಡು, ಎರಡು ಸಲ ಜಗ್ಗಿದಳು. ಹಗ್ಗ ಬಿಗಿಯಾಯಿತು.

"ನನ್ನ ಬಿಟ್ಟು ಹೋಗ್ತೀರಾ?"

ಅಕ್ಕ ಅಮ್ಮನ ದನಿ ಬಂದ ಕಡೆಯೇ ಕಣ್ಣರಳಿಸಿ ನೋಡಿದಳು. ಮುಖವಿಲ್ಲ. ಕೈಯಿಲ್ಲ. ಒಂದು ಮರದ ಪೊಟರೆ, ಅದರೊಳಗೆ ಕತ್ತಲು. ಅಳುತ್ತಲೇ ಹಿಂದಡಿ ಇಟ್ಟಳು. ಮುಳ್ಳು ಚುಚ್ಚಿತು, ಕಾಲು ಕಲ್ಲಿಗೆ ಎಡವಿತು. ಪೊಟರೆ ಚಿಕ್ಕದಾಗುತ್ತ ಹೋಯಿತು.

ಹೊತ್ತು ಮುಳುಗುವಾಗ ಬೆನ್ನಿಗೆ ರಾಟೆ ತಾಗಿತು. ಪುಟ್ಟಿಯ ಒಂದು ಹಿಮ್ಮಡಿ ತೊಗಟೆಯಾಗಿಯೇ ಉಳಿದಿತ್ತು. ಅಪ್ಪನ ಅಂಗೈಗಳು ಸುಲಿದುಹೋಗಿದ್ದವು. ಅವುಗಳಿಂದಲೇ ಮೂವರ ತಲೆ ಮುಟ್ಟಿ ಮುಟ್ಟಿ ನೋಡಿದ.

"ಅವಳು... ಇದ್ಲಾ?"

"ಇಲ್ಲಪ್ಪಾ. ಎದುರಿಗೇ ನೋಡ್ದೆ."

ಅಮ್ಮ ಹೋದಾಗಿನಿಂದ ಕಾಡಿನ ಕಡೆಯ ಬಾಗಿಲು ಹಾಕಲು ಅಪ್ಪ ಯಾರನ್ನೂ ಬಿಟ್ಟಿರಲಿಲ್ಲ. ಈಗ ಕುಂಟುತ್ತ ಹೋಗಿ ತಾನೇ ಅಗುಳಿ ಹಾಕಿದ.

"ದೇವರ ಹತ್ರ ಇದ್ದಾಳೆ ಬಿಡು," ಎಂದ. "ನೀರು ಕಾಯಿಸಮ್ಮಾ, ಗಾಯ ತೊಳೆಯೋಣ."